ತಾಯಿಯ ಸಕ್ಕರೆ, ಮಗುವಿನ ಕಿಣ್ವ

(ಸಂಘದ ವಾರ್ಷಿಕ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಧುಮೇಹವಿರುವ ತಾಯಂದಿರಿಗೆ ಹುಟ್ಟುವ ಮಕ್ಕಳ ಆರೋಗ್ಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಎರಡು. ಮಗು ದಪ್ಪಗೆ ಹುಟ್ಟಿದರೆ “ಮಗು ಚೆನ್ನಾಗಿ ಬೆಳೆದಿದೆ” ಎಂದು ಎಲ್ಲರೂ ಸಂತೋಷಪಡುತ್ತಾರೆ. ಹುಟ್ಟಿದ ಮಗುವಿಗೆ ಏನಾದರೂ ತೊಂದರೆಯಾದರೆ “ತಾಯಿ ಬಾಯಿ ಕಟ್ಟಲಿಲ್ಲ, ಸಿಹಿ ತಿಂದಳು” ಎಂದು ದೂರುತ್ತಾರೆ. ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ವಿಜ್ಞಾನದ ಆಧಾರದಲ್ಲಿ ಆದಷ್ಟು ಸರಳವಾಗಿ ವಿವರಿಸಲು ಪ್ರಯತ್ನಿಸುತ್ತೇನೆ.

ಒಂದು ಪ್ರಶ್ನೆಯಿಂದ ಆರಂಭಿಸೋಣ. ಇಬ್ಬರು ಗರ್ಭಿಣಿಯರಿದ್ದಾರೆ ಎಂದು ಭಾವಿಸಿ. ಇಬ್ಬರ ರಕ್ತದಲ್ಲಿಯೂ ಸಕ್ಕರೆಯ ಪ್ರಮಾಣ ಒಂದೇ. ಊಟ, ಔಷಧ, ವಯಸ್ಸು ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಒಬ್ಬಳ ಮಗು ನಾಲ್ಕು ಕಿಲೋ ದಾಟುತ್ತದೆ, ಇನ್ನೊಬ್ಬಳ ಮಗು ಮೂರು ಕಿಲೋ ತೂಗುತ್ತದೆ. ತಾಯಿಯ ಸಕ್ಕರೆಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಈ ವ್ಯತ್ಯಾಸ ಬಂದದ್ದು ಎಲ್ಲಿಂದ?

ಇದಕ್ಕೆ ಉತ್ತರ ಹೇಳುವ ಮೊದಲು ಸ್ವಲ್ಪ ಇತಿಹಾಸ ತಿಳಿದಿರಬೇಕು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು, ತೀವ್ರ ಮಧುಮೇಹವಿದ್ದ ಹೆಣ್ಣುಮಕ್ಕಳು ಗರ್ಭಿಣಿಯರಾಗುವುದೇ ಅಪರೂಪವಾಗಿತ್ತು. ಆದರೂ ತಾಯಿ ಮಗು ಇಬ್ಬರೂ ಬದುಕುಳಿಯುವುದು ಕಷ್ಟವಿತ್ತು. ಇನ್ಸುಲಿನ್ ಬಂದ ಮೇಲೆ ತಾಯಂದಿರು ಬದುಕಿದರು. ಮಕ್ಕಳನ್ನು ಉಳಿಸಿಕೊಳ್ಳಲು ಇನ್ನೂ ಹಲವು ದಶಕಗಳು ಬೇಕಾದವು. ಅಮೆರಿಕದ ಬೋಸ್ಟನ್ ನಗರದ ಜೋಸ್ಲಿನ್ ಕ್ಲಿನಿಕ್‌ನಲ್ಲಿ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ 1924ರಲ್ಲಿ ಕೆಲಸಕ್ಕೆ ಸೇರಿದಾಗ ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಉಳಿಯುತ್ತಿದ್ದವು. ಆಕೆ 1974ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುವಂತಾಗಿತ್ತು. ಒಬ್ಬ ಹೆಣ್ಣುಮಗಳು ಕಲಿತು ಐವತ್ತು ವರ್ಷ ಒಂದೇ ವಿಷಯಕ್ಕೆ ದುಡಿದರೆ ಎಷ್ಟು ಮನೆಗಳಲ್ಲಿ ದೀಪ ಉಳಿಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮಗು ದಪ್ಪಗಾಗುವುದಕ್ಕೆ ಕಾರಣ ಹೇಳಿದವರು ಡೆನ್ಮಾರ್ಕಿನ ಕೋಪನ್‌ಹೇಗನ್‌ನ ವೈದ್ಯ ಯೋರ್ಗನ್ ಪೆಡರ್ಸನ್. 1952ರಲ್ಲಿ ಅವರು ಮಂಡಿಸಿದ ವಿಚಾರ ಸರಳವಾಗಿದೆ. ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸುವಿನ ಮೂಲಕ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಹಾಗಾಗಿ ಹೆಚ್ಚಾಗಿ ಬಂದ ಸಕ್ಕರೆಯನ್ನು ನಿಭಾಯಿಸಲು ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಇನ್ಸುಲಿನ್ ಎಂದರೆ ಬೆಳವಣಿಗೆಯ ಗೊಬ್ಬರವಿದ್ದಂತೆ. ಅದು ಹೆಚ್ಚಾದರೆ ಮಗುವಿನ ಮೈಯಲ್ಲಿ ಕೊಬ್ಬು ತುಂಬುತ್ತದೆ, ಹೊಟ್ಟೆ, ಭುಜ ದಪ್ಪವಾಗುತ್ತವೆ. ಹೆರಿಗೆಯ ಸಮಯದಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಬರುವುದು ಇದರಿಂದಲೇ.

ಹೆರಿಗೆಯಾದ ಮೇಲೆ ಇನ್ನೊಂದು ಅಪಾಯವಿದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಆದರೆ ಮಗುವಿನ ದೇಹದಲ್ಲಿ ಇನ್ಸುಲಿನ್ ಮಾತ್ರ ಹಾಗೆಯೇ ಹೆಚ್ಚಾಗಿ ಇರುತ್ತದೆ. ಪರಿಣಾಮವಾಗಿ ಮೊದಲ ಕೆಲವು ಗಂಟೆಗಳಲ್ಲಿ ಮಗುವಿನ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಸಕ್ಕರೆ ಕಾಯಿಲೆಯ ತಾಯಿಯ ಮಗುವಿಗೆ ಸಕ್ಕರೆ ಕಡಿಮೆಯಾಗುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಆದರೆ ಕಾರಣ ಇದೇ. ಮಿದುಳಿಗೆ ಸಕ್ಕರೆಯೇ ಮುಖ್ಯ ಆಹಾರವಾದ್ದರಿಂದ ಈ ಕುಸಿತವನ್ನು ಗಮನಿಸದೆ ಬಿಟ್ಟರೆ ಅಪಸ್ಮಾರ ಬರಬಹುದು, ಮಿದುಳಿಗೆ ಶಾಶ್ವತ ಹಾನಿಯೂ ಆಗಬಹುದು.

ಪೆಡರ್ಸನ್ ಅವರ ವಿಚಾರಕ್ಕೆ ದೊಡ್ಡ ಬೆಂಬಲ ಸಿಕ್ಕಿದ್ದು 2008ರಲ್ಲಿ. ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಒಳಗೊಂಡ ‘ಹಾಪೋ’ ಎಂಬ ಅಧ್ಯಯನದ ಫಲಿತಾಂಶ ಆ ವರ್ಷ ಪ್ರಕಟವಾಯಿತು. ತಾಯಿಯ ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಮಗುವಿನ ತೂಕವೂ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಣುವ ಇನ್ಸುಲಿನ್‌ನ ಗುರುತೂ ಏರುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಯಿತು. ಇಷ್ಟು ಸಕ್ಕರೆಯವರೆಗೆ ಕ್ಷೇಮ, ಅದರಾಚೆ ಅಪಾಯ ಎಂಬ ಒಂದು ಗೆರೆ ಸಿಗಲಿಲ್ಲ. ಏರಿಕೆ ನಿರಂತರವಾಗಿತ್ತು.

ಹಾಗಾದರೆ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿದೆ? ಅದು ಮಗುವಿನ ಒಳಗಿದೆ. ತಾಯಿ ಕಳುಹಿಸುವ ಸಕ್ಕರೆಯನ್ನು ಮಗು ಹೇಗೆ ಅಳೆಯುತ್ತದೆ, ಹೇಗೆ ಸ್ಪಂದಿಸುತ್ತದೆ ಎಂಬುದು ಮಗುವಿನ ಕಿಣ್ವಗಳನ್ನು ಅವಲಂಬಿಸಿದೆ.

ಕಿಣ್ವ ಎಂದರೇನು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿದೆ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಜೀವಕೋಶಗಳಲ್ಲಿ ನಡೆಯುವ ಪ್ರತಿಯೊಂದು ರಾಸಾಯನಿಕ ಕೆಲಸಕ್ಕೂ ಒಬ್ಬೊಬ್ಬ ಕೆಲಸಗಾರನಿದ್ದಾನೆ. ಆ ಕೆಲಸಗಾರನೇ ಕಿಣ್ವ. ಅದನ್ನು ಹೇಗೆ ತಯಾರಿಸಬೇಕು ಎಂಬ ಬರಹ ನಮ್ಮ ಜೀನ್‌ಗಳಲ್ಲಿದೆ. ಪ್ರತಿ ಜೀನ್‌ನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಬರಹದಲ್ಲಿ ಒಂದು ಅಕ್ಷರ ಬದಲಾದರೂ ಕಿಣ್ವದ ಸ್ವಭಾವ ಬದಲಾಗಬಹುದು. 1963ರಲ್ಲಿ ಲಂಡನ್ನಿನ ಹ್ಯಾರಿ ಹ್ಯಾರಿಸ್ ಮತ್ತು ಅವರ ಸಹೋದ್ಯೋಗಿಗಳು ಕೆಂಪು ರಕ್ತಕಣಗಳಲ್ಲಿರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಆರೋಗ್ಯವಂತ ಜನರಲ್ಲಿಯೇ ಬೇರೆ ಬೇರೆ ರೂಪಗಳಲ್ಲಿದೆ ಎಂದು ತೋರಿಸಿದರು. ಮುಖದಲ್ಲಿ ನಾವು ಹೇಗೆ ಬೇರೆ ಬೇರೆಯೋ ಕಿಣ್ವಗಳಲ್ಲಿಯೂ ಹಾಗೆಯೇ ಎಂಬುದು ಅಂತಹ ಸಂಶೋಧನೆಗಳಿಂದ ತಿಳಿಯಿತು. ಮುಂದೆ ಇಟಲಿಯಲ್ಲಿ ಎಜಿಡಿಯೊ ಬೊಟ್ಟಿನಿ ಮತ್ತು ಸಂಗಡಿಗರು ಇಂತಹ ಕಿಣ್ವಗಳ ವ್ಯತ್ಯಾಸಕ್ಕೂ ಮಧುಮೇಹಿ ತಾಯಂದಿರ ಮಕ್ಕಳಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದರು.

ಇವುಗಳ ಪೈಕಿ ಅತ್ಯಂತ ಸ್ಪಷ್ಟವಾದ ಪುರಾವೆ ಇರುವುದು ಗ್ಲೂಕೋಕೈನೇಸ್ ಎಂಬ ಕಿಣ್ವಕ್ಕೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಅದು ಸಕ್ಕರೆಯ ಅಳತೆಗಾರನಂತೆ ಕೆಲಸ ಮಾಡುತ್ತದೆ. ಸಕ್ಕರೆ ಕೋಶದೊಳಗೆ ಬಂದಾಗ ಅದಕ್ಕೆ ಫಾಸ್ಫೇಟ್ ಜೋಡಿಸುವುದು ಇದರ ಕೆಲಸ. ಆ ಕೆಲಸದ ವೇಗದಿಂದಲೇ ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಕೋಶಕ್ಕೆ ತಿಳಿಯುತ್ತದೆ. ಸಾಮಾನ್ಯರಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 90 ಮಿಲಿಗ್ರಾಂ ಸಕ್ಕರೆ ಇರುವಾಗ ಇನ್ಸುಲಿನ್ ಬಿಡುಗಡೆಯ ಬಾಗಿಲು ತೆರೆದುಕೊಳ್ಳತೊಡಗುತ್ತದೆ. ಅಂಗಡಿಯ ತಕ್ಕಡಿ ಇದ್ದಂತೆ ಎಂದುಕೊಳ್ಳಿ. ತಕ್ಕಡಿಯೇ ಸ್ವಲ್ಪ ತಪ್ಪಿದರೆ ತೂಕವೆಲ್ಲ ತಪ್ಪುತ್ತದೆ.

ಈ ಕಿಣ್ವದ ಜೀನ್ ಏಳನೆಯ ವರ್ಣತಂತುವಿನಲ್ಲಿದೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಬೀಟಾ ಕೋಶ ಸಕ್ಕರೆಯನ್ನು ತಡವಾಗಿ ಗುರುತಿಸುತ್ತದೆ. ಅಂತಹವರ ಖಾಲಿ ಹೊಟ್ಟೆಯ ಸಕ್ಕರೆ ಹುಟ್ಟಿನಿಂದಲೇ ಸಾಮಾನ್ಯವಾಗಿ 100ರಿಂದ 145ರ ನಡುವೆ ಇರುತ್ತದೆ. 1992ರಲ್ಲಿ ಫ್ರಾನ್ಸಿನ ಸಂಶೋಧಕರು ಕೆಲವು ಕುಟುಂಬಗಳ ಮಧುಮೇಹಕ್ಕೆ ಇದೇ ಕಾರಣವೆಂದು ತೋರಿಸಿದರು. ಈ ಬಗೆಯ ಮಧುಮೇಹದ ಒಂದು ವಿಶೇಷವೆಂದರೆ ಅದು ವರ್ಷಗಳು ಕಳೆದರೂ ಬಹುತೇಕ ಅಷ್ಟರಲ್ಲಿಯೇ ಇರುತ್ತದೆ. ಸುಮಾರು ಐವತ್ತು ವರ್ಷ ಇಂತಹ ಸಕ್ಕರೆಯೊಂದಿಗೆ ಬದುಕಿದವರನ್ನು ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕಣ್ಣು, ಮೂತ್ರಪಿಂಡಗಳ ಗಂಭೀರ ತೊಂದರೆ ಅವರಲ್ಲಿ ತೀರಾ ಅಪರೂಪವೆಂದು ಅದರಲ್ಲಿ ಕಂಡುಬಂತು. ಆದ್ದರಿಂದ ಗರ್ಭಾವಸ್ಥೆಯ ಹೊರಗೆ ಇವರಿಗೆ ಮಾತ್ರೆಯಾಗಲೀ ಇನ್ಸುಲಿನ್ ಆಗಲೀ ಸಾಮಾನ್ಯವಾಗಿ ಬೇಕಿಲ್ಲ.

ಈಗ ಇಂತಹ ಒಬ್ಬ ಹೆಣ್ಣುಮಗಳು ಗರ್ಭಿಣಿಯಾದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಎಕ್ಸೆಟರ್ ನಗರದ ಆಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಅವರ ತಂಡ ಕೈಗೆತ್ತಿಕೊಂಡಿತು. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 58 ಮಕ್ಕಳಿದ್ದರು. ಪ್ರತಿ ಮಗುವಿನ ತಂದೆ ಅಥವಾ ತಾಯಿಯಲ್ಲಿ ಗ್ಲೂಕೋಕೈನೇಸ್ ಜೀನ್‌ನ ದೋಷವಿತ್ತು. ಮಗುವಿಗೆ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ನಾಲ್ಕು ಬಗೆಯ ಜೋಡಿಗಳನ್ನು ಹೋಲಿಸಿ ನೋಡಬಹುದು. ದಯವಿಟ್ಟು ಸ್ವಲ್ಪ ಗಮನವಿಟ್ಟು ಕೇಳಿ.

ಒಂದನೆಯದು, ತಾಯಿಗೂ ದೋಷವಿಲ್ಲ, ಮಗುವಿಗೂ ಇಲ್ಲ. ಮಗುವಿನ ತೂಕ ಸಾಮಾನ್ಯ.

ಎರಡನೆಯದು, ತಾಯಿಗೆ ದೋಷವಿದೆ, ಮಗುವಿಗೆ ಇಲ್ಲ. ಇಲ್ಲಿ ತಾಯಿಯ ಹೆಚ್ಚಿನ ಸಕ್ಕರೆಯನ್ನು ಮಗುವಿನ ಸರಿಯಾದ ತಕ್ಕಡಿ ಸರಿಯಾಗಿಯೇ ಅಳೆಯುತ್ತದೆ. ಇನ್ಸುಲಿನ್ ಹೆಚ್ಚಾಗುತ್ತದೆ. ತಾಯಿಯ ದೋಷದಿಂದ ಮಗುವಿನ ತೂಕ ಸರಾಸರಿ 600 ಗ್ರಾಂನಷ್ಟು ಏರುತ್ತದೆ.

ಮೂರನೆಯದು, ತಾಯಿಗೆ ದೋಷವಿಲ್ಲ, ಮಗುವಿಗೆ ತಂದೆಯಿಂದ ದೋಷ ಬಂದಿದೆ. ತಾಯಿಯ ಸಕ್ಕರೆ ಸಹಜವಾಗಿದೆ. ಆದರೆ ಮಗುವಿನ ತಕ್ಕಡಿ ಅದನ್ನು ಕಡಿಮೆಯೆಂದು ಅಳೆಯುತ್ತದೆ. ಇನ್ಸುಲಿನ್ ಕಡಿಮೆಯಾಗುತ್ತದೆ. ಮಗುವಿನ ದೋಷದಿಂದ ತೂಕ ಸರಾಸರಿ 530 ಗ್ರಾಂನಷ್ಟು ಇಳಿಯುತ್ತದೆ.

ನಾಲ್ಕನೆಯದು, ತಾಯಿಗೂ ದೋಷವಿದೆ, ಮಗುವಿಗೂ ಇದೆ. ತಾಯಿಯ ಸಕ್ಕರೆ ಹೆಚ್ಚು, ಆದರೆ ಮಗುವಿನ ತಕ್ಕಡಿಯೂ ಅದೇ ಮಟ್ಟಕ್ಕೆ ಹೊಂದಿಕೊಂಡಿದೆ. ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ. ಮಗು ಸಾಮಾನ್ಯ ತೂಕದಲ್ಲಿ ಹುಟ್ಟುತ್ತದೆ.

ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬರಿಗೆ ದೋಷ ಬಂದು ಇನ್ನೊಬ್ಬರಿಗೆ ಬರದಿದ್ದ 21 ಜೋಡಿಗಳನ್ನು ಈ ತಂಡ ಹೋಲಿಸಿತು. 19 ಜೋಡಿಗಳಲ್ಲಿ ದೋಷವಿದ್ದ ಮಗುವೇ ಕಡಿಮೆ ತೂಕದ್ದಾಗಿತ್ತು. ಅದೇ ಗರ್ಭ, ಅದೇ ತಾಯಿ, ಅದೇ ಅಡುಗೆಮನೆ. ಆದರೂ ಅರ್ಧ ಕಿಲೋ ವ್ಯತ್ಯಾಸ. ಇನ್ನು ಯಾವ ತಾಯಿಯನ್ನು ಬಾಯಿ ಕಟ್ಟಲಿಲ್ಲವೆಂದು ದೂರುವಿರಿ?

ಇದು ಪುಸ್ತಕದಲ್ಲಿ ಓದಿ ಮುಚ್ಚಿಡುವ ವಿಷಯವಲ್ಲ. ಚಿಕಿತ್ಸೆ ಇದನ್ನೇ ಅವಲಂಬಿಸಿದೆ. ನಾಲ್ಕನೆಯ ಜೋಡಿಯನ್ನು ಮತ್ತೆ ನೋಡಿ. ಆ ತಾಯಿಯ ಸಕ್ಕರೆ ಹೆಚ್ಚಿದೆಯೆಂದು ಇನ್ಸುಲಿನ್ ಕೊಟ್ಟು ಬಲವಂತವಾಗಿ ಸಾಮಾನ್ಯ ಮಟ್ಟಕ್ಕೆ ಇಳಿಸಿದರೆ, ಮಗು ಮೂರನೆಯ ಜೋಡಿಯ ಸ್ಥಿತಿಗೆ ಬರುತ್ತದೆ. ಸಹಜವಾಗಿ ಬೆಳೆಯುತ್ತಿದ್ದ ಮಗು ಸಣ್ಣದಾಗುತ್ತದೆ. ಎರಡನೆಯ ಜೋಡಿಯಲ್ಲಿ ಚಿಕಿತ್ಸೆ ಕೊಡದಿದ್ದರೆ ಮಗು ಅತಿಯಾಗಿ ದಪ್ಪವಾಗುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರು ತಾಯಂದಿರ ರಕ್ತದ ವರದಿ ಒಂದೇ. ಆದುದರಿಂದ ಇಂತಹ ತಾಯಂದಿರಲ್ಲಿ ವೈದ್ಯರು ಸ್ಕ್ಯಾನಿಂಗ್ ಮೂಲಕ ಮಗುವಿನ ಹೊಟ್ಟೆಯ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆದು, ಬೆಳವಣಿಗೆ ಮಿತಿಮೀರುತ್ತಿದ್ದರೆ ಮಾತ್ರ ಇನ್ಸುಲಿನ್ ಹೆಚ್ಚಿಸುವ ಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ. ತಾಯಿಯ ರಕ್ತದಲ್ಲಿ ತೇಲುವ ಮಗುವಿನ ಡಿಎನ್‌ಎಯಿಂದಲೇ ಮಗುವಿಗೆ ದೋಷ ಬಂದಿದೆಯೇ ಎಂದು ತಿಳಿಯುವ ಪರೀಕ್ಷೆಯನ್ನೂ ಎಕ್ಸೆಟರ್ ತಂಡ ಅಭಿವೃದ್ಧಿಪಡಿಸಿದೆ.

ಆದರೆ ಒಂದು ಎಚ್ಚರಿಕೆ. ಇದನ್ನು ಕೇಳಿ ಯಾರೂ “ನನ್ನ ಸಕ್ಕರೆಯೂ ಅಂಥದ್ದೇ ಇರಬೇಕು” ಎಂದು ಔಷಧ ನಿಲ್ಲಿಸಬಾರದು. ಗ್ಲೂಕೋಕೈನೇಸ್ ದೋಷ ಅಪರೂಪ. ಯುರೋಪಿನ ಅಧ್ಯಯನಗಳಲ್ಲಿ ಗರ್ಭಾವಸ್ಥೆಯ ಮಧುಮೇಹವಿರುವ ನೂರು ಮಂದಿಯಲ್ಲಿ ಒಬ್ಬರಲ್ಲೋ ಇಬ್ಬರಲ್ಲೋ ಇದು ಕಂಡುಬಂದಿದೆ. ಉಳಿದವರೆಲ್ಲರಿಗೂ ಸಕ್ಕರೆಯ ನಿಯಂತ್ರಣವೇ ಮಗುವಿನ ರಕ್ಷಣೆ. ಈ ದೋಷದ ಸಂಶಯ ಬರುವುದು ಯಾವಾಗ ಎಂದರೆ, ತಾಯಿ ತೆಳ್ಳಗಿದ್ದಾಗ, ಖಾಲಿ ಹೊಟ್ಟೆಯ ಸಕ್ಕರೆ 100ರ ಆಸುಪಾಸಿಗಿಂತ ಸದಾ ಮೇಲಿದ್ದಾಗ, ಗ್ಲೂಕೋಸ್ ಕುಡಿದ ಮೇಲೆ ಏರಿಕೆ ಸಣ್ಣದಾಗಿದ್ದಾಗ, ಹೆರಿಗೆಯಾದ ಮೇಲೂ ಸಕ್ಕರೆ ಅಷ್ಟೇ ಉಳಿದಾಗ, ಮನೆಯಲ್ಲಿ ತಂದೆಗೋ ತಾಯಿಗೋ ಇಂತಹದೇ ಸೌಮ್ಯ ಸಕ್ಕರೆ ಇದ್ದಾಗ. ಇಷ್ಟು ಲಕ್ಷಣಗಳಿದ್ದರೆ ವೈದ್ಯರೊಂದಿಗೆ ಜೀನ್ ಪರೀಕ್ಷೆಯ ಬಗ್ಗೆ ಕೇಳಬಹುದು. ನಮಗೆ ಸಮೀಪದ ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನಲ್ಲಿ ಇಂತಹ ಜೀನ್‌ಗಳ ಅಧ್ಯಯನ ನಡೆದಿದೆ.

ರಕ್ತಸಂಬಂಧದ ಮದುವೆಯ ವಿಷಯವನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಭಾರತದಲ್ಲಿ ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂದು ಮದುವೆಯಾಗುವ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಗಂಡ ಹೆಂಡತಿ ಇಬ್ಬರಲ್ಲಿಯೂ ಗ್ಲೂಕೋಕೈನೇಸ್ ಜೀನ್‌ನ ಒಂದೊಂದು ಪ್ರತಿ ಕೆಟ್ಟಿದ್ದರೆ, ಪ್ರತಿ ಹೆರಿಗೆಯಲ್ಲಿ ನಾಲ್ಕರಲ್ಲಿ ಒಂದು ಸಾಧ್ಯತೆಯಂತೆ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರಬಹುದು. ಅಂತಹ ಮಗು ಬಹಳ ಸಣ್ಣದಾಗಿ ಹುಟ್ಟುತ್ತದೆ, ಹುಟ್ಟಿದ ದಿನಗಳಿಂದಲೇ ಅದಕ್ಕೆ ಇನ್ಸುಲಿನ್ ಬೇಕಾಗುತ್ತದೆ. ಇದನ್ನು 2001ರಲ್ಲಿ ನಾರ್ವೆಯ ವೈದ್ಯರ ತಂಡ ಮೊದಲಾಗಿ ವಿವರಿಸಿತು. ಸಂಬಂಧದಲ್ಲಿ ಮದುವೆಯಾದವರು ಗಾಬರಿಪಡಬೇಕಾಗಿಲ್ಲ. ಗರ್ಭಿಣಿಯಾದಾಗ ಆ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿದರೆ ಸಾಕು.

ಇನ್ನೊಂದು ಕಿಣ್ವದ ಬಗ್ಗೆ ಎರಡು ಮಾತು. ಅದರ ಹೆಸರು ಜಿ6ಪಿಡಿ. ಕೆಂಪು ರಕ್ತಕಣಗಳು ಒಡೆಯದಂತೆ ಕಾಪಾಡುವುದು ಇದರ ಕೆಲಸ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಲ್ಲಿ ಇದರ ಕೊರತೆ ಇದೆ ಎಂದು ಅಂದಾಜು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯಿಂದ ಕೆಲವರ ರಕ್ತ ಒಡೆಯುವುದೇಕೆ ಎಂದು ಹುಡುಕುತ್ತಿದ್ದಾಗ 1956ರಲ್ಲಿ ಅಮೆರಿಕದಲ್ಲಿ ಈ ಕೊರತೆ ಪತ್ತೆಯಾಯಿತು. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲಿ ತೊಂದರೆ ಹೆಚ್ಚು. ಮಧುಮೇಹಿ ತಾಯಿಯ ಮಗುವಿನಲ್ಲಿ ಸಾಮಾನ್ಯವಾಗಿಯೇ ಕೆಂಪು ರಕ್ತಕಣಗಳು ಹೆಚ್ಚಾಗಿರುತ್ತವೆ. ಅವು ಒಡೆದಾಗ ಕಾಮಾಲೆಯ ಹಳದಿಯೂ ಹೆಚ್ಚು. ಅದರ ಮೇಲೆ ಈ ಕಿಣ್ವವೂ ಕಡಿಮೆಯಿದ್ದರೆ ಕಾಮಾಲೆ ಬೇಗನೆ ಏರಿ ಮಿದುಳಿಗೆ ಅಪಾಯ ತರಬಹುದು. ಇಲ್ಲಿ ಮನೆಯವರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕುವ ನ್ಯಾಫ್ತಲೀನ್ ಗುಳಿಗೆ ಈ ಕೊರತೆಯಿರುವ ಮಗುವಿನ ರಕ್ತವನ್ನು ಒಡೆಯಬಲ್ಲದು. ಗುಳಿಗೆ ಹಾಕಿ ಇಟ್ಟಿದ್ದ ಹಳೆಯ ಬಟ್ಟೆ, ಹೊದಿಕೆಗಳನ್ನು ಹಸುಗೂಸಿಗೆ ಬಳಸಬೇಡಿ. ಆ ಗುಳಿಗೆಯನ್ನು ಬಾಣಂತಿಯ ಕೋಣೆಯಿಂದಲೇ ದೂರವಿಡಿ.

ಈ ವಿಷಯ ನಮ್ಮ ನಾಡಿಗೆ ದೂರದ್ದೇನಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕದ ದಾಖಲೆಗಳಿವೆ. ಅಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇಕಡಾ 6.2 ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಕಂಡುಬಂತು. ಆ ತಾಯಂದಿರ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ತಂಡ ವರ್ಷಗಳ ಕಾಲ ಹಿಂಬಾಲಿಸಿ ಪರೀಕ್ಷಿಸಿತು. ಒಂಬತ್ತೂವರೆ ವರ್ಷವಾಗುವಷ್ಟರಲ್ಲಿ ಆ ಮಕ್ಕಳಲ್ಲಿ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬು ಇತ್ತು, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದ ಲಕ್ಷಣಗಳೂ ಇದ್ದವು. 2010ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ “ಗುಂಡು ಗುಂಡಾಗಿದೆ” ಎಂದು ನಾವು ಮೆಚ್ಚುವ ಮಗುವನ್ನು ಶಾಲೆಗೆ ಹೋಗುವ ವಯಸ್ಸಿನಲ್ಲಿಯೂ ಗಮನಿಸುತ್ತಿರಬೇಕು ಎಂಬುದು ಇದರ ಪಾಠ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೆಲವು ಅಂಶಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ಪ್ರತಿ ಗರ್ಭಿಣಿಗೂ ಸಕ್ಕರೆಯ ಪರೀಕ್ಷೆಯಾಗಬೇಕು. ಕೇಂದ್ರ ಸರಕಾರದ ಮಾರ್ಗಸೂಚಿಯ ಪ್ರಕಾರ ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎಂದು ಪರಿಗಣಿಸುತ್ತಾರೆ. ಇದಕ್ಕೆ ಖಾಲಿ ಹೊಟ್ಟೆಯಲ್ಲಿರಬೇಕಾಗಿಲ್ಲ. ದೂರದ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಇದರಿಂದ ಅನುಕೂಲವಿದೆ.

ಎರಡನೆಯದಾಗಿ, ಸಕ್ಕರೆ ಇರುವ ತಾಯಿಯ ಹೆರಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿಯೇ ಆಗಬೇಕು. ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಜೇನು, ಸಕ್ಕರೆನೀರು ನೆಕ್ಕಿಸುವುದು ಬೇಡ. ಮೊದಲ ದಿನ ಮಗುವಿನ ಸಕ್ಕರೆಯನ್ನು ಹಲವು ಬಾರಿ ಪರೀಕ್ಷಿಸುತ್ತಾರೆ. “ಇಷ್ಟು ಪುಟ್ಟ ಮಗುವಿನ ಹಿಮ್ಮಡಿಗೆ ಎಷ್ಟು ಸಲ ಚುಚ್ಚುತ್ತೀರಿ” ಎಂದು ಅಜ್ಜಿಯರು ತಡೆಯಬಾರದು. ಮಗು ನಡುಗುವುದು, ಹಾಲು ಕುಡಿಯದಿರುವುದು, ಮಂಕಾಗಿ ಮಲಗಿರುವುದು ಕಂಡರೆ ಕೂಡಲೇ ತಿಳಿಸಬೇಕು. ಯಾವ ಲಕ್ಷಣವೂ ಇಲ್ಲದೆ ಸಕ್ಕರೆ ಇಳಿದಿರಬಹುದು, ಅದಕ್ಕಾಗಿಯೇ ಚುಚ್ಚಿ ನೋಡುವುದು.

ಮೂರನೆಯದಾಗಿ, ಹೆರಿಗೆಯಾದ ಆರು ವಾರಗಳ ನಂತರ ತಾಯಿ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಾವಸ್ಥೆಯಲ್ಲಿ ಸಕ್ಕರೆ ಬಂದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಬಾಣಂತನದ ಗಡಿಬಿಡಿಯಲ್ಲಿ ಈ ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಮನೆಯ ಗಂಡಸರು ನೆನಪಿಟ್ಟು ಕರೆದುಕೊಂಡು ಹೋಗಬೇಕು.

ನಾಲ್ಕನೆಯದಾಗಿ, ಪ್ರತಿ ಕುಟುಂಬವೂ ತನ್ನ ಮೂರು ತಲೆಮಾರಿನ ಕಾಯಿಲೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಯಾರಿಗೆ ಸಕ್ಕರೆ, ಯಾವ ವಯಸ್ಸಿನಲ್ಲಿ ಬಂತು, ಯಾವ ಮಗುವಿನ ತೂಕ ಎಷ್ಟಿತ್ತು, ಯಾವ ಮಗುವಿಗೆ ಕಾಮಾಲೆ ಹೆಚ್ಚಾಗಿತ್ತು. ಸಾವಿರಾರು ರೂಪಾಯಿಯ ಜೀನ್ ಪರೀಕ್ಷೆಗೆ ಮೊದಲು ವೈದ್ಯರಿಗೆ ಬೇಕಾಗುವುದು ಖರ್ಚಿಲ್ಲದ ಈ ಒಂದು ಹಾಳೆ.

ಕೊನೆಯದಾಗಿ, ಇಲ್ಲಿ ಕುಳಿತಿರುವ ವಿದ್ಯಾರ್ಥಿನಿಯರಿಗೆ ಒಂದು ಮಾತು. ಜೀವಶಾಸ್ತ್ರದ ಪಾಠದಲ್ಲಿ ಕಿಣ್ವ, ಜೀನ್ ಎಂದು ನೀವು ಪರೀಕ್ಷೆಗಾಗಿ ಓದುವ ಪದಗಳು ಹೆರಿಗೆ ಕೋಣೆಯಲ್ಲಿ ಮಗುವಿನ ಪ್ರಾಣದ ಪ್ರಶ್ನೆಯಾಗಿ ಬರುತ್ತವೆ. ಆನುವಂಶಿಕ ಸಮಾಲೋಚನೆ, ಶುಶ್ರೂಷೆ, ಪ್ರಯೋಗಾಲಯ ತಂತ್ರಜ್ಞಾನ, ಮಕ್ಕಳ ವೈದ್ಯಕೀಯ, ಈ ಎಲ್ಲ ಕ್ಷೇತ್ರಗಳಲ್ಲಿ ನಮ್ಮ ಭಾಷೆಯಲ್ಲಿ ತಾಯಂದಿರೊಂದಿಗೆ ಮಾತನಾಡಬಲ್ಲವರು ಬೇಕಾಗಿದ್ದಾರೆ. ಸಂಘದ ಹಿರಿಯರು ವಿದ್ಯಾರ್ಥಿವೇತನ ಹಂಚುವಾಗ ಇಂತಹ ಕಲಿಕೆಯನ್ನು ಆರಿಸಿಕೊಂಡ ಹೆಣ್ಣುಮಕ್ಕಳನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇನೆ.

 ನಿಮ್ಮ ಪ್ರಶ್ನೆಗಳಿದ್ದರೆ, ಅದರಲ್ಲೂ ತಾಯಂದಿರ ಪ್ರಶ್ನೆಗಳಿದ್ದರೆ, ಸಂಕೋಚವಿಲ್ಲದೆ ಕೇಳಿ.